ಪರಮಾಣು ಬಾಂಬೂ ನಮ್ಮ ಮೈಸೂರೂ

ಕಳೆದ ವರ್ಷ ಆಗಸ್ಟ್ ತಿಂಗಳಿನ ಒಂದು ಸಂಜೆ ನಮ್ಮ ಒಂಬತ್ತು ವರ್ಷದ ಮೊಮ್ಮಗಳು ಶಾಲೆಯಿಂದ ಬಂದವಳು, ಪುಸ್ತಕದ ಚೀಲವನ್ನು ಜಗಲಿಯ ಮೇಲಿಟ್ಟು, ಕೈಕಾಲು ತೊಳೆಯುವುದಕ್ಕೂ ಮುಂಚೆಯೇ ನಮ್ಮನ್ನು ಒಂದು ಪ್ರಶ್ನೆ ಕೇಳಿದಳು: "ತಾತ, ಹಿರೋಷಿಮಾದ ಮೇಲೆ ಹಾಕಿದ ಬಾಂಬನ್ನು ನಮ್ಮ ಮೈಸೂರಿನ ಮೇಲೆ ಹಾಕಿದರೆ ನಮ್ಮ ಮನೆ ಉಳಿಯುತ್ತದೆಯೆ?"

"ಹಾಗೆಲ್ಲ ಆಗುವುದಿಲ್ಲ ಮಗು, ಹೋಗಿ ತಿಂಡಿ ತಿನ್ನು" ಎಂದೆವು. ಮೂವತ್ತೈದು ವರ್ಷಕಾಲ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ನಮಗೆ, ಅದು ಉತ್ತರವಲ್ಲವೆಂಬುದು ಆಡಿದ ಮರುಕ್ಷಣದಲ್ಲಿಯೇ ತೋರಿತು. ಮಗು ಕೇಳಿದ್ದು 'ಹಾಕುವರೆ' ಎಂದಲ್ಲ, 'ಹಾಕಿದರೆ' ಎಂದು. ಆ ರಾತ್ರಿ ಊಟವಾದ ಮೇಲೆ ಊರಿನ ಭೂಪಟವೊಂದನ್ನು ಮೇಜಿನ ಮೇಲೆ ಹರಡಿ, ಅವಳ ಪೆಟ್ಟಿಗೆಯಿಂದ ಕೈವಾರವನ್ನು ತೆಗೆದುಕೊಂಡು ಕುಳಿತೆವು. ಆಗ ಕಂಡುಬಂದುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಭಯವನ್ನು ಹುಟ್ಟಿಸುವುದು ನಮ್ಮ ಇಷ್ಟವಲ್ಲ. ಆದರೆ ಒಂದು ವಸ್ತುವಿನ ಹೆಸರನ್ನು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಓದುತ್ತ, ಅದರ ಅರ್ಥವನ್ನು ಮಾತ್ರ ಅರಿಯದೆ ಇರುವುದು ಗೃಹಸ್ಥರಾದವರಿಗೆ ತಕ್ಕುದಲ್ಲ.

ಪರಮಾಣುವೆಂಬ ಮಾತು ನಮಗೆ ಹೊಸದಲ್ಲವಷ್ಟೆ. ಗವಾಕ್ಷದಿಂದ ಒಳಬರುವ ಬಿಸಿಲುಕೋಲಿನಲ್ಲಿ ತೇಲಾಡುವ ಧೂಳಿನ ಕಣವನ್ನು ತ್ರಸರೇಣುವೆಂದೂ, ಅದರ ಆರನೆಯ ಒಂದು ಪಾಲನ್ನು ಪರಮಾಣುವೆಂದೂ ನಮ್ಮ ತಾರ್ಕಿಕರು ಕರೆದರು. ಪರಮಾಣುವಿಗೆ ಅವಯವಗಳಿಲ್ಲ, ಅದನ್ನು ಒಡೆಯಲಾಗದು ಎಂಬುದು ಅವರ ಸಿದ್ಧಾಂತ. ನಾವೂ ಅದನ್ನು ಹಾಗೆಯೇ ಪಾಠ ಹೇಳಿದವರು. ೧೯೩೮ರ ಕೊನೆಯಲ್ಲಿ ಜರ್ಮನಿಯ ಪ್ರಯೋಗಶಾಲೆಯೊಂದರಲ್ಲಿ ಯುರೇನಿಯಂ ಪರಮಾಣುವಿನ ಬೀಜವು ಇಬ್ಭಾಗವಾದುದು ತಿಳಿದುಬಂತು. ಏಳು ವರ್ಷ ತುಂಬುವುದರೊಳಗೆ ಆ ಜ್ಞಾನವು ಅಸ್ತ್ರವಾಗಿ ಪರಿಣಮಿಸಿತು. ಹಿರೋಷಿಮಾದ ಬಾಂಬಿನಲ್ಲಿದ್ದ ಯುರೇನಿಯಂ ಸುಮಾರು ೬೪ ಕಿಲೋಗ್ರಾಂ. ಅದರಲ್ಲಿ ಒಡೆದದ್ದು ಒಂದು ಕಿಲೋಗ್ರಾಮಿಗೂ ಕಡಮೆ. ದ್ರವ್ಯರೂಪವನ್ನು ಬಿಟ್ಟು ಶಕ್ತಿಯಾದದ್ದು ಒಂದು ಗ್ರಾಮಿಗೂ ಕಡಮೆ. ಆ ಶಕ್ತಿಯಾದರೋ ಸುಮಾರು ೧೫,೦೦೦ ಟನ್ನು ಟಿ.ಎನ್.ಟಿ. ಎಂಬ ಸಿಡಿಮದ್ದಿಗೆ ಸಮಾನ.

೧೯೪೫ನೆಯ ಇಸವಿ ಆಗಸ್ಟ್ ೬ನೆಯ ತಾರೀಖು ಸೋಮವಾರ, ಬೆಳಿಗ್ಗೆ ೮ ಗಂಟೆ ೧೫ ನಿಮಿಷಕ್ಕೆ ಆ ಬಾಂಬು ಹಿರೋಷಿಮಾ ಪಟ್ಟಣದ ನಡುವೆ, ನೆಲದಿಂದ ಸುಮಾರು ೬೦೦ ಮೀಟರು ಎತ್ತರದಲ್ಲಿ ಸಿಡಿಯಿತು. ಅದಕ್ಕೆ ಒಂದು ಗಂಟೆ ಮುಂಚೆ ವಿಮಾನದಾಳಿಯ ಎಚ್ಚರಿಕೆಯ ಕೂಗು ಕೇಳಿ, ಏಳೂವರೆಯ ಸುಮಾರಿಗೆ ಅಪಾಯ ಕಳೆಯಿತೆಂಬ ಕೂಗೂ ಕೇಳಿತ್ತು. ಜನರು ನಿಶ್ಚಿಂತರಾಗಿ ಮನೆಯಿಂದ ಹೊರಬಿದ್ದಿದ್ದರು. ಸಿಡಿದ ಸ್ಥಳದ ನೇರ ಕೆಳಗೆ ನೆಲದ ಕಾವು ೩,೦೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿತು. ೨ ಕಿಲೋಮೀಟರಿನೊಳಗಣ ಕಟ್ಟಡಗಳು ಹೆಚ್ಚುಕಡಮೆ ಎಲ್ಲವೂ ನೆಲಸಮವಾದುವು, ಇಲ್ಲವೆ ಸುಟ್ಟುಹೋದುವು. ಆ ವರ್ಷ ಮುಗಿಯುವುದರೊಳಗೆ ಸತ್ತವರು ಸುಮಾರು ೧,೪೦,೦೦೦. ಮೂರು ದಿನಗಳ ತರುವಾಯ ನಾಗಸಾಕಿಯ ಮೇಲೆ ಬಿದ್ದ ಎರಡನೆಯ ಬಾಂಬಿನಿಂದ ಸತ್ತವರು ಸುಮಾರು ೭೦,೦೦೦.

ಇನ್ನು ನಮ್ಮ ಭೂಪಟಕ್ಕೆ ಬರೋಣ. ಮೈಸೂರಿನ ಮೇಲೆ ಯಾರಿಗೋ ಕಣ್ಣಿದೆಯೆಂದು ನಾವು ಹೇಳುತ್ತಿಲ್ಲ. ನಮಗೆ ಗಲ್ಲಿಗಲ್ಲಿಯೂ ಪರಿಚಿತವಾದ ಊರು ಅದೊಂದೇ. ಅಳತೆಯು ಅರ್ಥವಾಗಬೇಕಾದರೆ ಪರಿಚಿತವಾದುದರಿಂದಲೇ ಅಳೆಯಬೇಕು. ಕೈವಾರದ ಮೊನೆಯನ್ನು ಅರಮನೆಯ ಮೇಲೆ ಊರಿದೆವು. ಹಳೆಯ ಮರದ ಅರಮನೆಯು ೧೮೯೭ರಲ್ಲಿ ಬೆಂಕಿಗೆ ತುತ್ತಾದ ಮೇಲೆ ಈಗಿನ ಅರಮನೆಯನ್ನು ಕಟ್ಟಿ ಮುಗಿಸಲು ೧೯೧೨ರವರೆಗೆ, ಎಂದರೆ ಹದಿನೈದು ವರ್ಷ ಹಿಡಿಯಿತು. ಇಲ್ಲಿ ಬೇಕಾಗುವುದು ಒಂದೆರಡು ಸೆಕೆಂಡು.

ಮೊದಲು ಒಂದು ಕಿಲೋಮೀಟರಿನ ವೃತ್ತವನ್ನು ಎಳೆದೆವು. ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ, ಅಗ್ರಹಾರ ಎಲ್ಲವೂ ಅದರೊಳಗೆ ಬಂದುವು. ನಮ್ಮ ಮನೆಯಿರುವುದು ಅಗ್ರಹಾರದ ಓಣಿಯೊಂದರಲ್ಲಿ. ಹಿರೋಷಿಮಾದಲ್ಲಿ ಕೇಂದ್ರದಿಂದ ೧.೨ ಕಿಲೋಮೀಟರಿನೊಳಗೆ ಇದ್ದವರಲ್ಲಿ ಸುಮಾರು ಅರ್ಧ ಜನ ಆ ದಿನವೇ ಪ್ರಾಣಬಿಟ್ಟರು. ಕೇಂದ್ರಕ್ಕೆ ಹತ್ತಿರವಾದಷ್ಟೂ ಉಳಿದವರು ವಿರಳ. ಎರಡು ಕಿಲೋಮೀಟರಿನ ವೃತ್ತದೊಳಗೆ ರೈಲು ನಿಲ್ದಾಣವೂ, ಸಂತ ಫಿಲೋಮಿನಾ ಚರ್ಚೂ, ಮಹಾರಾಜ ಕಾಲೇಜೂ ಸೇರಿದುವು. ಮೂರೂವರೆ ಕಿಲೋಮೀಟರಿನ ವೃತ್ತವು ಕುಕ್ಕರಹಳ್ಳಿ ಕೆರೆಯನ್ನು ದಾಟಿಹೋಯಿತು. ಹಿರೋಷಿಮಾದಲ್ಲಿ ಅಷ್ಟು ದೂರದಲ್ಲಿ ಬಯಲಲ್ಲಿ ನಿಂತಿದ್ದವರ ಚರ್ಮವೂ ಬೆಂದಿತ್ತು. ಕಿಟಕಿಯ ಗಾಜುಗಳು ಹತ್ತು ಕಿಲೋಮೀಟರಿಗೂ ಆಚೆ ಒಡೆದವು. ಗಾಜು ಒಡೆದರೆ ಏನೆಂದು ಹಗುರವಾಗಿ ಎಣಿಸಬಾರದು. ಬೆಳಕು ಮೊದಲು ಬರುತ್ತದೆ, ಮಿಂಚಿನ ಹಿಂದೆ ಗುಡುಗು ಬರುವಂತೆ ಹೊಡೆತವು ಕೆಲವು ಸೆಕೆಂಡುಗಳ ಮೇಲೆ ಬರುತ್ತದೆ. ಬೆಳಕೇನೆಂದು ನೋಡಲು ಕಿಟಕಿಗೆ ಓಡಿದವರ ಮುಖಕ್ಕೇ ಗಾಜು ಬಂದು ನಾಟುತ್ತದೆ.

ಬೆಟ್ಟದ ವಿಷಯವೊಂದು ಉಂಟು. ಹಿರೋಷಿಮಾದಲ್ಲಿ ಕೇಂದ್ರಕ್ಕೆ ಸುಮಾರು ೨ ಕಿಲೋಮೀಟರು ದೂರದಲ್ಲಿ ಹಿಜಿಯಾಮಾ ಎಂಬ ಚಿಕ್ಕ ಗುಡ್ಡವಿದೆ. ಅದರ ಮರೆಯಲ್ಲಿದ್ದ ಕೇರಿಗೆ ತಗುಲಿದ ಹಾನಿ ಕಡಮೆ. ನಮ್ಮ ಚಾಮುಂಡಿಬೆಟ್ಟವಾದರೋ ಊರಿನ ಮಟ್ಟದಿಂದ ಸುಮಾರು ೩೦೦ ಮೀಟರು ಎದ್ದುನಿಂತಿದೆ. ಅದರ ಹಿಂದಣ ಹಳ್ಳಿಗಳವರಿಗೆ ತಾಯಿಯ ಬೆನ್ನಿನ ಮರೆ ದೊರೆಯಬಹುದು. ಊರಿನ ಕಡೆಗಿರುವ ಮೆಟ್ಟಿಲುಗಳ ಮೇಲೆ ನಿಂತವರಿಗೆ ಆ ಭಾಗ್ಯವಿಲ್ಲ.

ವೃತ್ತಗಳನ್ನು ಎಳೆದಾಯಿತು. ಆಮೇಲೆ ನಾವು ಮಾಡಬಾರದಾಗಿದ್ದ ಕೆಲಸವೊಂದನ್ನು ಮಾಡಿದೆವು. ಬೆಳಿಗ್ಗೆ ಎಂಟೂಕಾಲು ಗಂಟೆಗೆ ನಮ್ಮ ಮನೆಯವರು ಯಾರು ಯಾರು ಎಲ್ಲೆಲ್ಲಿರುವರೆಂದು ಆ ಪಟದ ಮೇಲೆ ಸೀಸದಕಡ್ಡಿಯಿಂದ ಚುಕ್ಕಿಯಿಟ್ಟೆವು. ನಮ್ಮ ಗೃಹಿಣಿ ಹಿತ್ತಲಿನಲ್ಲಿ ತುಲಸಿಗೆ ನೀರೆರೆಯುತ್ತಿರುವರು. ನಾವು ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲಿನ ಮುಂದೆ. ಮೊಮ್ಮಗಳು ಶಾಲೆಯ ದಾರಿಯಲ್ಲಿ. ಸೊಸೆ ದಾದಿಯಾಗಿ ಕೆಲಸ ಮಾಡುವುದು ಊರಿನವರು ದೊಡ್ಡಾಸ್ಪತ್ರೆಯೆಂದು ಕರೆಯುವ ಕೆ.ಆರ್. ಆಸ್ಪತ್ರೆಯಲ್ಲಿ. ಈ ನಾಲ್ಕು ಚುಕ್ಕಿಗಳೂ ಮೊದಲನೆಯ ವೃತ್ತದ ಒಳಗೆ, ಇಲ್ಲವೆ ಅದರ ಗೆರೆಯ ಮೇಲೆಯೇ ಬಿದ್ದುವು. ಮಗನೊಬ್ಬನು ಮಾತ್ರ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ, ಎಲ್ಲ ವೃತ್ತಗಳ ಹೊರಗೆ.

ಅವನು ಬದುಕುವನು. ಬದುಕಿದ ಕೂಡಲೆ ಏನು ಮಾಡುವನು? ಹೆಂಡತಿಯನ್ನೂ ಮಗುವನ್ನೂ ಹುಡುಕಿಕೊಂಡು ಉರಿಯುವ ಊರಿನೊಳಗೆ ಓಡಿಬರುವನು. ಹಿರೋಷಿಮಾದಲ್ಲಿ ಹೀಗೆ ಓಡಿಬಂದವರು ಸಾವಿರಾರು ಮಂದಿ. ನೆಲದಲ್ಲಿಯೂ ಬೂದಿಯಲ್ಲಿಯೂ ಉಳಿದಿದ್ದ ವಿಕಿರಣವು ಅವರಲ್ಲಿ ಅನೇಕರನ್ನು ಹಿಡಿಯಿತು. ಎರಡು ವಾರಗಳೊಳಗೆ ಕೇಂದ್ರದಿಂದ ಸುಮಾರು ೨ ಕಿಲೋಮೀಟರಿನೊಳಕ್ಕೆ ಬಂದವರನ್ನೂ ಬಾಂಬಿಗೆ ಗುರಿಯಾದವರೆಂದೇ ಜಪಾನಿನ ಕಾನೂನು ಪರಿಗಣಿಸುತ್ತದೆ. ತನ್ನವರ ಮೇಲಣ ಪ್ರೀತಿಯೇ ಮನುಷ್ಯನನ್ನು ವಿಷಕ್ಕೆ ಎಳೆದು ತರುವಂಥ ಅಸ್ತ್ರವಿದು.

ಸೊಸೆಯ ಚುಕ್ಕಿಯ ಮೇಲೆ ಇನ್ನಷ್ಟು ಹೊತ್ತು ಕಣ್ಣಿಟ್ಟೆವು. ಗಾಯಗೊಂಡ ಊರು ಮೊದಲು ಹುಡುಕುವುದು ವೈದ್ಯರನ್ನಲ್ಲವೆ? ಹಿರೋಷಿಮಾದಲ್ಲಿ ವೈದ್ಯರಲ್ಲಿಯೂ ದಾದಿಯರಲ್ಲಿಯೂ ಹತ್ತರಲ್ಲಿ ಒಂಬತ್ತು ಮಂದಿ ಸತ್ತಿದ್ದರು, ಇಲ್ಲವೆ ಗಾಯಗೊಂಡಿದ್ದರು. ಕೇಂದ್ರದಿಂದ ಒಂದೂವರೆ ಕಿಲೋಮೀಟರು ದೂರದ ರೆಡ್‌ಕ್ರಾಸ್ ಆಸ್ಪತ್ರೆಯ ಗೋಡೆಗಳು ನಿಂತವು. ಅಲ್ಲಿಗೆ ಗಾಯಾಳುಗಳು ಪ್ರವಾಹದಂತೆ ಬಂದು ಮುತ್ತಿದರು. ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿಟ್ಟಿದ್ದ ಎಕ್ಸ್‌ರೇ ಫಿಲ್ಮುಗಳು ತಾವಾಗಿಯೇ ಕಪ್ಪಾಗಿದ್ದುದನ್ನು ಕಂಡಾಗ, ಇದು ಬರಿಯ ಬೆಂಕಿಯಲ್ಲವೆಂದು ವೈದ್ಯರಿಗೆ ಹೊಳೆಯಿತು. ಸಾಯುತ್ತಿದ್ದವರು ಬೇಡಿದ್ದು ಔಷಧವನ್ನಲ್ಲ, ನೀರನ್ನು. ಆ ಊರಿನ ನದಿಗಳೆಲ್ಲ ಹೆಣಗಳಿಂದ ತುಂಬಿದ್ದುವು. ನಮ್ಮೂರಿಗೆ ಕಾವೇರಿಯ ನೀರು ಬರುವುದು ವಿದ್ಯುತ್ತಿನ ಪಂಪುಗಳಿಂದ. ವಿದ್ಯುತ್ತು ನಿಂತು ಕೊಳವೆಗಳು ಒಡೆದರೆ ಬೆಂಕಿಗೂ ನೀರಿಲ್ಲ, ಬಾಯಿಗೂ ನೀರಿಲ್ಲ.

ಉಪಾಧ್ಯಾಯರಾಗಿದ್ದ ನಮಗೆ ಇವೆಲ್ಲಕ್ಕಿಂತ ಸಹಿಸಲಾರದ ಸಂಗತಿ ಇನ್ನೊಂದು. ಆ ದಿನ ಬೆಳಿಗ್ಗೆ ಹಿರೋಷಿಮಾದ ಹನ್ನೆರಡು ಹದಿಮೂರು ವರ್ಷದ ಶಾಲಾಮಕ್ಕಳನ್ನು ಮೇಷ್ಟರುಗಳೊಡನೆ ಬಯಲಿಗೆ ಕರೆತಂದಿದ್ದರು. ವಿಮಾನದಾಳಿಯಾದರೆ ಬೆಂಕಿ ಹಬ್ಬದಿರಲೆಂದು ಮನೆಗಳ ಸಾಲನ್ನು ಕೆಡವಿ ಬಯಲು ಮಾಡುತ್ತಿದ್ದರು. ಮಕ್ಕಳು ಹೆಂಚು, ಮರ ಹೊರುತ್ತಿದ್ದರು. ಈ ಕೆಲಸದಲ್ಲಿದ್ದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಆರು ಸಾವಿರಕ್ಕೂ ಮೇಲ್ಪಟ್ಟು ಸತ್ತರು. ಹಾಜರಿ ಪುಸ್ತಕವನ್ನು ಕೈಯಲ್ಲಿ ಹಿಡಿದು ಹೆಸರು ಕೂಗಿದವರಿಗೆ ಈ ಸಂಖ್ಯೆಯ ಭಾರ ತಿಳಿಯುತ್ತದೆ. ನಲವತ್ತು ಮಕ್ಕಳ ತರಗತಿ ಒಂದಾದಮೇಲೊಂದರಂತೆ ನೂರೈವತ್ತು ತರಗತಿಗಳು, ಯಾವುದರಲ್ಲಿಯೂ ಓಗೊಡುವವರಿಲ್ಲ.

ಉಳಿದವರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಗಾಯವೇ ಇಲ್ಲದವರ ತಲೆಗೂದಲು ಎರಡು ಮೂರು ವಾರಗಳ ಮೇಲೆ ಉದುರಿತು. ವಸಡಿನಿಂದ ರಕ್ತ ಸುರಿಯಿತು. ಮೈಮೇಲೆ ನೇರಳೆ ಬಣ್ಣದ ಮಚ್ಚೆಗಳೆದ್ದು ಸತ್ತರು. ಕೆಲವು ವರ್ಷಗಳ ತರುವಾಯ ರಕ್ತದ ಕ್ಯಾನ್ಸರು ಹೆಚ್ಚಿತು. ಎರಡು ವರ್ಷದ ಶಿಶುವಾಗಿದ್ದಾಗ ಬಾಂಬಿನಿಂದ ಪಾರಾಗಿದ್ದ ಸದಾಕೊ ಸಸಾಕಿ ಎಂಬ ಬಾಲಿಕೆ, ಕಾಗದದ ಕೊಕ್ಕರೆಗಳನ್ನು ಮಡಿಸುತ್ತ ಮಡಿಸುತ್ತ ೧೯೫೫ರಲ್ಲಿ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. ಪಾರಾದವರಿಗೆ ಹುಟ್ಟಿದ ಮಕ್ಕಳಲ್ಲಿ ವಂಶಪಾರಂಪರ್ಯವಾದ ರೋಗಗಳು ಹೆಚ್ಚಿವೆಯೆಂದು ದಶಕಗಳ ಪರಿಶೀಲನೆಯಿಂದಲೂ ಸಿದ್ಧವಾಗಿಲ್ಲ. ಆದರೂ ಆ ಮನೆಗಳಿಗೆ ಹೆಣ್ಣು ಕೊಡಲೂ ಅಲ್ಲಿಂದ ಹೆಣ್ಣು ತರಲೂ ಜನ ಹಿಂದೆಗೆದರು. ನಮ್ಮಲ್ಲಿ ಹೀಗಾಗದೆಂದು ಎದೆಮುಟ್ಟಿ ಹೇಳಬಲ್ಲವರು ಯಾರು?

ಇದೆಲ್ಲ ೧೯೪೫ರ ಅಳತೆ. ಬಾಂಬಿನ ಶಕ್ತಿ ಎಂಟು ಪಟ್ಟಾದರೆ ಹೊಡೆತದ ದೂರವು ಎರಡು ಪಟ್ಟಾಗುತ್ತದೆ ಎಂಬುದು ಲೆಕ್ಕ. ಈಗಿನ ಅಣ್ವಸ್ತ್ರಗಳಲ್ಲಿ ಅಷ್ಟು ಶಕ್ತಿಯುಳ್ಳವು ಬೇಕಾದಷ್ಟಿವೆ. ಆಗ ನಮ್ಮ ಎರಡು ಕಿಲೋಮೀಟರಿನ ವೃತ್ತವು ನಾಲ್ಕಾಗಿ ಮಾನಸಗಂಗೋತ್ರಿಯನ್ನು ನುಂಗಿ, ಲಲಿತಮಹಲಿನ ಬಾಗಿಲನ್ನು ಮುಟ್ಟುತ್ತದೆ. ೨೦೨೫ರ ಆರಂಭದಲ್ಲಿ ಜಗತ್ತಿನ ಒಂಬತ್ತು ರಾಷ್ಟ್ರಗಳ ಬಳಿ ಇಂಥ ಅಸ್ತ್ರಗಳು ಸುಮಾರು ಹನ್ನೆರಡು ಸಾವಿರವಿದ್ದುವು. ೧೯೭೪ರಲ್ಲಿಯೂ ೧೯೯೮ರಲ್ಲಿಯೂ ಪೋಖರಾನಿನಲ್ಲಿ ಪರೀಕ್ಷೆ ನಡೆಸಿದ ನಮ್ಮ ದೇಶವೂ ಆ ಒಂಬತ್ತರಲ್ಲಿ ಒಂದು; ತಾನಾಗಿ ಮೊದಲು ಪ್ರಯೋಗಿಸುವುದಿಲ್ಲವೆಂಬುದು ನಮ್ಮ ದೇಶವು ೨೦೦೩ರಲ್ಲಿ ಪ್ರಕಟಿಸಿದ ನೀತಿ.

ಹಾಗಾದರೆ ಮನೆಯವರು ಮಾಡಬಹುದಾದುದು ಏನೂ ಇಲ್ಲವೆ? ಕೇಂದ್ರದಲ್ಲಿರುವವರಿಗೆ ಇಲ್ಲವೆಂದೇ ಹೇಳಬೇಕು. ದೂರದವರಿಗೆ ಉಂಟು. ಅಸಾಧಾರಣವಾದ ಬೆಳಕು ಕಂಡೊಡನೆ ಅದರ ಕಡೆ ನೋಡದೆ, ಕಿಟಕಿಯಿಂದ ದೂರವಾಗಿ, ಮುಖ ಕೆಳಗೆ ಮಾಡಿ ನೆಲದ ಮೇಲೆ ಮಲಗಬೇಕು. ಬಾಂಬು ನೆಲಕ್ಕೆ ತಾಗಿ ಸಿಡಿದರೆ ಮಣ್ಣೆಲ್ಲ ವಿಕಿರಣಭರಿತವಾಗಿ ಮೇಲೆದ್ದು ಗಾಳಿಯ ದಿಕ್ಕಿಗೆ ಸುರಿಯುತ್ತದೆ. ಆಗ ಊರು ಬಿಟ್ಟು ಓಡುವುದಕ್ಕಿಂತ ದಪ್ಪಗೋಡೆಯ ಮನೆಯ ನಡುಕೋಣೆಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿಕೊಂಡು ಇರುವುದೇ ಲೇಸು. ಇದಕ್ಕೊಂದು ಏಳು-ಹತ್ತರ ಲೆಕ್ಕವಿದೆ: ಕಾಲವು ಏಳು ಪಟ್ಟಾದಂತೆಲ್ಲ ವಿಕಿರಣದ ತೀವ್ರತೆ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಮೊದಲನೆಯ ಗಂಟೆಯಲ್ಲಿ ಇದ್ದುದು ಏಳನೆಯ ಗಂಟೆಗೆ ಹತ್ತರಲ್ಲೊಂದು, ಎರಡು ದಿನಕ್ಕೆ ನೂರರಲ್ಲೊಂದು, ಎರಡು ವಾರಕ್ಕೆ ಸಾವಿರದಲ್ಲೊಂದು. ಹೊರಗಿನಿಂದ ಬಂದವರು ಮೇಲುಡುಪನ್ನು ಬಾಗಿಲಲ್ಲೇ ಕಳಚಿಟ್ಟು ಮೈ ತೊಳೆದುಕೊಂಡರೆ ಅಂಟಿದ ಧೂಳಿನ ಬಹುಭಾಗ ಹೋಗುತ್ತದೆ. ಮುಚ್ಚಿಟ್ಟ ನೀರು, ಮುಚ್ಚಿಟ್ಟ ಆಹಾರ ಮಾತ್ರ ಗ್ರಾಹ್ಯ. ಇಷ್ಟನ್ನು ಮಕ್ಕಳಿಗೆ ಕಲಿಸುವುದರಿಂದ ನಷ್ಟವೇನೂ ಇಲ್ಲ.

ಆದರೆ ನಿಜವಾದ ರಕ್ಷೆಯು ಆ ಅಸ್ತ್ರವನ್ನು ಪ್ರಯೋಗಿಸದಿರುವುದೊಂದೇ. ಹಾಗೆಂದು ಬದುಕಿರುವವರೆಗೂ ಹೇಳುತ್ತ ಬಂದವರು ಅದನ್ನು ಅನುಭವಿಸಿದವರೇ. ೧೯೫೬ರಲ್ಲಿ ಅವರು ಕಟ್ಟಿಕೊಂಡ ನಿಹೋನ್ ಹಿದಾಂಕ್ಯೋ ಎಂಬ ಸಂಘಕ್ಕೆ ೨೦೨೪ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವು ಸಂದಿತು.

ಮರುದಿನ ಬೆಳಿಗ್ಗೆ ಮೊಮ್ಮಗಳನ್ನು ಕರೆದು ಪಟವನ್ನು ತೋರಿಸಿದೆವು. ಚುಕ್ಕಿಗಳನ್ನು ಮಾತ್ರ ಮೊದಲೇ ಅಳಿಸಿದ್ದೆವು. "ಮನೆ ಉಳಿಯುವುದಿಲ್ಲ ಮಗು" ಎಂದೆವು. ಅವಳು ವೃತ್ತಗಳನ್ನು ಬಹಳ ಹೊತ್ತು ನೋಡಿ, ಬೆಟ್ಟದ ಹಿಂಬದಿಯ ಮೇಲೆ ಬೆರಳಿಟ್ಟು, "ಇಲ್ಲಿಯವರು ಉಳಿಯುತ್ತಾರಲ್ಲ ತಾತ, ಅವರು ನಮಗೆ ನೀರು ತಂದುಕೊಡುತ್ತಾರೆಯೆ?" ಎಂದಳು. "ತರುತ್ತಾರೆ" ಎಂದೆವು. ಅದು ಸುಳ್ಳಲ್ಲ. ಹಿರೋಷಿಮಾದಲ್ಲಿ ಸುತ್ತಲ ಊರುಗಳವರು ಬಂದರು. ಮೂರನೆಯ ದಿನಕ್ಕೆ ಟ್ರಾಮು ಬಂಡಿಯೊಂದು ಸ್ವಲ್ಪ ದೂರವಾದರೂ ಓಡಿತು.

ಎಪ್ಪತ್ತೈದು ವರ್ಷ ಅಲ್ಲಿ ಹುಲ್ಲೂ ಹುಟ್ಟದೆಂದು ಜನ ಆಡಿಕೊಂಡಿದ್ದರು. ಆ ನೆಲದಲ್ಲಿ ಬೇಗನೆ ಅರಳಿದ ಹೂವುಗಳಲ್ಲಿ ಒಂದನ್ನು ಹಿರೋಷಿಮಾ ನಗರವು ತನ್ನ ಹೂವೆಂದು ಆರಿಸಿಕೊಂಡಿದೆ. ಅದು ಯಾವುದೆಂದು ತಿಳಿದಾಗ ನಾವು ಎದ್ದು ಹಿತ್ತಲಿಗೆ ಹೋಗಿ ನಿಂತೆವು. ಅದು ಕಣಗಿಲೆ. ನಮ್ಮ ಬೇಲಿಯಲ್ಲಿ ಬೆಳೆದು, ನಮ್ಮ ದೇವರ ಮುಡಿಗೆ ದಿನವೂ ಏರುವ ಅದೇ ಕಣಗಿಲೆ.