ಪೊದೆಯೊಳಗಿನ ಹಳೆಯ ಲಾರಿ: ಗುರುತಿಸುವ ಬಗೆ

ಮಲೆನಾಡು ಮತ್ತು ಕೊಡಗಿನಲ್ಲಿ ತೋಟದ ಅಂಚಿನಲ್ಲೋ, ಮುಚ್ಚಿಹೋದ ಸಾಮಿಲ್ಲಿನ ಹಿಂದೆಯೋ, ಕೂಪಿನ ರಸ್ತೆಯ ಕೊನೆಯಲ್ಲೋ ಲಂಟಾನದ ಪೊದೆಯೊಳಗೆ ತುಕ್ಕು ಹಿಡಿದ ಲಾರಿಯೊಂದು ಸಿಗುವುದು ಅಪರೂಪವೇನಲ್ಲ. ಗುಜರಿಯವರು ಅದಕ್ಕೆ ಕಬ್ಬಿಣದ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಒಮ್ಮೆ ಗ್ಯಾಸ್ ಕಟ್ಟರ್ ತಗಲಿತೆಂದರೆ ಅದು ಯಾವ ಲಾರಿ, ಯಾವ ಕಾಲದ್ದು ಎಂಬುದು ಮತ್ತೆ ತಿಳಿಯುವಂತಿಲ್ಲ. ಹಳೆಯ ವಾಹನಗಳನ್ನು ಹುಡುಕಿ ಸರಿಪಡಿಸುವವರಿಗೆ ಅದರ ಒಂದು ಗೇರ್ ಬಾಕ್ಸೇ ಅಮೂಲ್ಯವಾಗಿರಬಹುದು. ಆದುದರಿಂದ ಮಾರುವ ಮೊದಲು ಗುರುತಿಸುವುದು ಲೇಸು.

ಮೊದಲು ಎಚ್ಚರಿಕೆ

ಪೊದೆ ಸವರುವಾಗ ಹಾವು, ಕಡಜದ ಗೂಡು ಇರಬಹುದೆಂದು ತಿಳಿದೇ ಕೈ ಹಾಕಬೇಕು. ಟಯರಿನಲ್ಲಿ ಗಾಳಿ ಉಳಿದಿದ್ದರೆ ಅದನ್ನು ಪೂರ್ತಿ ಬಿಡದೆ ಡಿಸ್ಕಿನ ರಿಂಗಿಗೆ ಸಲಾಕೆ ಹಾಕಬಾರದು. ಸಿಡಿದ ರಿಂಗು ಪ್ರಾಣ ತೆಗೆಯಬಲ್ಲದು. ಇಂಜಿನ್ ತಿರುಗುತ್ತದೆಯೇ ಎಂದು ಹ್ಯಾಂಡಲ್ ಹಾಕಿ ಬಲವಂತ ಮಾಡುವುದೂ ಬೇಡ. ಯಾವುದನ್ನೂ ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿರಿ.

ಕ್ಯಾಬಿನ್ ನೋಡಿ ನಿರ್ಧರಿಸಬೇಡಿ

ನಮ್ಮ ದೇಶದಲ್ಲಿ ಬಹುಕಾಲ ಲಾರಿ ಕೊಳ್ಳುವುದೆಂದರೆ ಚಾಸಿಸ್ ಕೊಳ್ಳುವುದೆಂದೇ ಅರ್ಥವಾಗಿತ್ತು. ಕ್ಯಾಬಿನ್ ಮತ್ತು ತೊಟ್ಟಿಯನ್ನು ಊರಿನ ಬಡಗಿಗಳೇ ಕಟ್ಟುತ್ತಿದ್ದರು. ಹೀಗಾಗಿ ಬೇರೆ ಬೇರೆ ಕಂಪನಿಯ ಲಾರಿಗಳಿಗೆ ಒಂದೇ ತೆರನಾದ ಮರದ ಕ್ಯಾಬಿನ್ ಇರುವುದುಂಟು. ಇಂಜಿನ್ ಕೂಡ ಪೂರ್ಣ ಸಾಕ್ಷಿಯಲ್ಲ. ಪೆಟ್ರೋಲ್ ದುಬಾರಿಯಾದಾಗ ಅನೇಕರು ಹಳೆಯ ಇಂಜಿನ್ ತೆಗೆಸಿ ಪರ್ಕಿನ್ಸ್‌ನಂಥ ಡೀಸೆಲ್ ಇಂಜಿನ್ ಕೂಡಿಸಿದರು. ಆದ್ದರಿಂದ ಮೊದಲು ಚಾಸಿಸ್, ಆಮೇಲೆ ಇಂಜಿನ್, ಕೊನೆಗೆ ಕ್ಯಾಬಿನ್ ಎಂಬ ಕ್ರಮದಲ್ಲಿ ನೋಡಬೇಕು.

ಚಾಸಿಸ್ ಸಂಖ್ಯೆಯನ್ನು ಸಾಮಾನ್ಯವಾಗಿ ಮುಂಚಕ್ರದ ಆಸುಪಾಸಿನಲ್ಲಿ ತೊಲೆಯ ಮೇಲೆ ಒತ್ತಿರುತ್ತಾರೆ. ಉಳಿ, ಗ್ರೈಂಡರ್ ತಾಗಿಸಬಾರದು. ಡೀಸೆಲ್ ಅದ್ದಿದ ಬಟ್ಟೆಯಿಂದ ಉಜ್ಜಿ, ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ತೇಯ್ದರೆ ಅಂಕಿಗಳು ಮೂಡುತ್ತವೆ. ಈಗಿನ ವಾಹನಗಳಿಗಿರುವ 17 ಅಕ್ಷರಗಳ ಸಂಖ್ಯಾಪದ್ಧತಿ ಅಮೆರಿಕದಲ್ಲಿ 1981ರಿಂದ ಬಂದದ್ದು. ಅದಕ್ಕೂ ಹಿಂದೆ ಒಂದೊಂದು ಕಂಪನಿಯದು ಒಂದೊಂದು ರೀತಿ. ಆದುದರಿಂದ ಸಂಖ್ಯೆ ಚಿಕ್ಕದಾಗಿದೆಯೆಂದು ಗಾಬರಿಪಡಬೇಕಾಗಿಲ್ಲ.

ಯುದ್ಧಕಾಲದ ಲಾರಿಗಳು

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದ ಮೇಲೆ ಸೈನ್ಯದ ಮಿಗತೆ ಲಾರಿಗಳು ಖಾಸಗಿಯವರ ಕೈಸೇರಿದವು. ಬ್ರಿಟಿಷ್ ಸೈನ್ಯದ ಅಳತೆಗೆ ಒಪ್ಪುವಂತೆ ಕೆನಡಾದಲ್ಲಿ ಫೋರ್ಡ್ ಮತ್ತು ಷೆವ್ರೊಲೆ ಕಂಪನಿಗಳು ಮಾಡಿದ ಲಾರಿಗಳು ಇಂಥವು. ಇವಕ್ಕೆ ಮೊಂಡು ಮೂತಿ. ಕೊನೆಯ ಮಾದರಿಯಲ್ಲಿ ಮುಂಗಾಜು ಮೇಲ್ತುದಿ ಮುಂದಕ್ಕೆ ಚಾಚುವಂತೆ ಓರೆಯಾಗಿದೆ. ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಟೇಪು ಹಿಡಿಯಿರಿ. 101, 134 ಅಥವಾ 158 ಅಂಗುಲ ಬಂದರೆ ಈ ಜಾತಿಯದೆಂಬ ಸಂಶಯ ಬಲವಾಗುತ್ತದೆ. ಸ್ಟಿಯರಿಂಗ್ ಎಡಗಡೆ ಇದ್ದರೆ ಅದು ಅಮೆರಿಕದ ಸೈನ್ಯಕ್ಕೆ ಮಾಡಿದ್ದಿರಬಹುದು.

ಮೂಲ ಪೆಟ್ರೋಲ್ ಇಂಜಿನ್ ಉಳಿದಿದ್ದರೆ ಹೀಗೆ ನೋಡಬಹುದು:

1. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಪ್ಲಗ್ಗುಗಳು ಚಪ್ಪಟೆ ಹೆಡ್ಡಿನ ಮೇಲಿದ್ದರೆ ಫೋರ್ಡ್ ವಿ-8.

2. ಒಂದೇ ಸಾಲಿನ ಆರು ಸಿಲಿಂಡರು, ಮೇಲೆ ಉದ್ದನೆಯ ವಾಲ್ವ್ ಮುಚ್ಚಳ ಇದ್ದರೆ ಷೆವ್ರೊಲೆ ಅಥವಾ ಬೆಡ್‌ಫರ್ಡ್ ಇರಬಹುದು.

3. ಆರು ಸಿಲಿಂಡರು, ಮೇಲೆ ವಾಲ್ವ್ ಮುಚ್ಚಳವೇ ಇಲ್ಲದೆ ಚಪ್ಪಟೆ ಹೆಡ್ಡಿನಲ್ಲಿ ಪ್ಲಗ್ಗು ಕೂತಿದ್ದರೆ ಡಾಡ್ಜ್ ಅಥವಾ ಫಾರ್ಗೊ. ಇವೆರಡೂ ಕ್ರೈಸ್ಲರ್ ಕುಟುಂಬದವು. ಇವುಗಳ ಎಡಗಡೆಯ ಚಕ್ರದ ನಟ್ಟುಗಳಿಗೆ ಎಡಮರೆ ಇರುವುದುಂಟು. ತುಕ್ಕು ಎಂದು ತಿಳಿದು ಬಲಪ್ರಯೋಗ ಮಾಡಿದರೆ ಬೋಲ್ಟೇ ಮುರಿಯುತ್ತದೆ.

ಯುದ್ಧಕಾಲದಲ್ಲಿ ಪೆಟ್ರೋಲ್ ಅಭಾವದಿಂದ ಇದ್ದಿಲ ಗ್ಯಾಸಿನಲ್ಲಿಯೂ ಲಾರಿ, ಬಸ್ಸುಗಳನ್ನು ಓಡಿಸುತ್ತಿದ್ದರು. ಆ ಉಪಕರಣವನ್ನು ಕೂಡಿಸಿದ ಪಟ್ಟಿಗಳು, ತೂತುಗಳು ಚಾಸಿಸಿನಲ್ಲಿ ಉಳಿದಿದ್ದರೆ ಅದೂ ಒಂದು ಸುಳಿವು.

ಸ್ವಾತಂತ್ರ್ಯಾನಂತರದವು

ಟಾಟಾ ಸಂಸ್ಥೆ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ತಯಾರಿಸತೊಡಗಿತು. ಆ ಒಪ್ಪಂದ ಮುಗಿದದ್ದು 1969ರಲ್ಲಿ. ಮೂಲ ಜಾಲರಿಯ ಮೇಲೆ ಮೂರು ಮೊನೆಯ ನಕ್ಷತ್ರವಿದ್ದರೆ ಅದು ಈ ಅವಧಿಯದೆಂದು ಸ್ಥೂಲವಾಗಿ ಹೇಳಬಹುದು. ಮದರಾಸಿನ ಅಶೋಕ್ ಮೋಟರ್ಸ್ 1948ರಲ್ಲಿ ಹುಟ್ಟಿ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಆದ್ದರಿಂದ ಫಲಕದಲ್ಲಿ ಆ ಹೆಸರಿದ್ದರೆ ಲಾರಿ 1955ಕ್ಕಿಂತ ಹಳೆಯದಲ್ಲ. ನಂಬರ್ ಪ್ಲೇಟಿನ ಬಣ್ಣ ಅಳಿದಿದ್ದರೂ ಓರೆಯಾಗಿ ಟಾರ್ಚ್ ಹಿಡಿದರೆ ಅಕ್ಷರಗಳು ಕಾಣುತ್ತವೆ. ‘ಎಂವೈ’ ಎಂಬುದು ಮೈಸೂರು ಕಾಲದ ಗುರುತು. ‘ಕೆಎ’ ಬಂದದ್ದು 1989ರಲ್ಲಿ.

ಲಾರಿ ಎಂದಿನಿಂದ ಬಿದ್ದಿದೆಯೆಂಬುದನ್ನು ನಮ್ಮ ಮರಗಳೇ ಹೇಳುತ್ತವೆ. ಚಾಸಿಸಿನ ನಡುವೆ ಬೆಳೆದ ಸಿಲ್ವರ್ ಓಕಿಗೆ ನಲವತ್ತು ವರ್ಷವಾಗಿದ್ದರೆ, ಲಾರಿ ಅಲ್ಲಿ ನಿಂತು ಅಷ್ಟಾದರೂ ಕಾಲವಾಗಿದೆ.

ಕಾನೂನಿನ ಮಾತು

ಲಾರಿ ನಮ್ಮ ಜಮೀನಿನಲ್ಲಿದ್ದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಅರಣ್ಯದ ಗಡಿಯೊಳಗಿದ್ದರೆ ಮುಟ್ಟದೆ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸಬೇಕು. ನಮ್ಮ ಜಮೀನಿನಲ್ಲಿದ್ದರೂ ಸಂಖ್ಯೆಗಳನ್ನು ಬರೆದುಕೊಂಡು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ಠಾಣೆಯಲ್ಲಿಯೂ ವಿಚಾರಿಸುವುದು ಕ್ಷೇಮ. ಹಿರಿಯರ ಹೆಸರಿನ ಲಾರಿಯಾಗಿದ್ದರೆ ಹಳೆಯ ಆರ್.ಸಿ. ಪುಸ್ತಕವನ್ನು ಹುಡುಕಿರಿ. 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮಿನಂತೆ, ವಾಹನವು ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕರು ಹದಿನಾಲ್ಕು ದಿನದೊಳಗೆ, ಇಲ್ಲವೇ ಆದಷ್ಟು ಬೇಗ, ನೋಂದಣಿ ಅಧಿಕಾರಿಗೆ ತಿಳಿಸಬೇಕು. 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ಬಂದಿತಾದರೂ ಅದು ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಸಂಬಂಧಿಸಿದ್ದು, ಲಾರಿಗಳಿಗಲ್ಲ. ಇದನ್ನು ತಿಳಿಯದೆ ದುರಸ್ತಿಗೆ ಹಣ ಸುರಿಯಬಾರದು.

ಬೆಳೆಗಾರ ಬಂಧುಗಳು ಇಂಥ ಲಾರಿ ಕಂಡಾಗ ಸಂಖ್ಯೆ, ಅಳತೆ, ಫೋಟೋ ಈ ಮೂರನ್ನು ಒಂದು ಹಾಳೆಗೆ ಸೇರಿಸಿಡಲಿ. ಅದನ್ನು ಓಡಿಸಿದ ಡ್ರೈವರ್, ಕ್ಲೀನರುಗಳು ಊರಿನಲ್ಲಿದ್ದರೆ ಅವರನ್ನೂ ಕೇಳಿ ಬರೆದಿಡಲಿ. ಕಬ್ಬಿಣವನ್ನು ಎಂದಾದರೂ ಮಾರಬಹುದು. ಕೇಳಬೇಕಾದವರು ಹೋದ ಮೇಲೆ ವಿವರ ಸಿಗದು.