ಆಪತ್ಕಾಲಕ್ಕೆ ಮನೆಯ ದವಸ: ಅಲ್ಪವೆಚ್ಚದಲ್ಲಿ ಧಾನ್ಯಸಂಗ್ರಹ ಮಾಡುವ ಕ್ರಮ

ಮೈಸೂರು ಸೀಮೆಯ ಮೈದಾನದ ಜಿಲ್ಲೆಗಳಲ್ಲಿ ಕಣದ ಕೆಲಸವು ಸಂಕ್ರಾಂತಿಯ ಸುಮಾರಿಗೆ ಮುಗಿದು ರಾಗಿಯು ಮನೆಯನ್ನು ಸೇರುವುದು ವಾಡಿಕೆ. ಆಗ ದವಸವು ಅಗ್ಗ; ಒಕ್ಕಣೆಯ ಕೆಲಸವಿರುವುದರಿಂದ ಕೂಲಿಯವನ ಮನೆಯಲ್ಲಿಯೂ ಎರಡು ಹೊತ್ತು ಒಲೆ ಉರಿಯುತ್ತದೆ. ಆಷಾಢ ಶ್ರಾವಣಗಳು ಬರುವ ಹೊತ್ತಿಗೆ ಸ್ಥಿತಿಯು ತಲೆಕೆಳಗಾಗುತ್ತದೆ. ಹೊಲದಲ್ಲಿ ಪೈರು ಎದ್ದಿದ್ದರೂ ಮನೆಯಲ್ಲಿ ಕಾಳಿರುವುದಿಲ್ಲ. ಸುಗ್ಗಿಯಲ್ಲಿ ಸಾಲಕ್ಕಂಜಿ ಮಾರಿದ ರಾಗಿಯನ್ನೇ ರೈತನು ಈಗ ಹೆಚ್ಚಿನ ಬೆಲೆಗೆ ಕೊಂಡು ತರಬೇಕಾಗುತ್ತದೆ. ಮಳೆಯೂ ಕೈಕೊಟ್ಟಿತೆಂದರೆ ಕೊಳ್ಳುವುದಕ್ಕೆ ಹಣವೂ ಇಲ್ಲ. ಈ ನಾಲ್ಕು ತಿಂಗಳ ಕಂದಕವನ್ನು ದಾಟುವುದಕ್ಕೆ ಬೇಕಾದ ಸಂಗ್ರಹವನ್ನು ಸಾಮಾನ್ಯ ಗೃಹಸ್ಥನು ಹೆಚ್ಚು ವೆಚ್ಚವಿಲ್ಲದೆ ಹೇಗೆ ಮಾಡಿಕೊಳ್ಳಬಹುದೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಗ್ರಾಮದ ಮುಖ್ಯಸ್ಥರೂ ಹಿಡುವಳಿದಾರರೂ ಇದನ್ನು ತಮ್ಮ ಮನೆಗೆ ಮಾತ್ರವಲ್ಲದೆ ತಮ್ಮ ಹೊಲದಲ್ಲಿ ದುಡಿಯುವವರ ಮನೆಗಳಿಗೂ ಅನ್ವಯಿಸಿ ನೋಡಬೇಕೆಂದು ಕೋರುತ್ತೇವೆ.

ನಮ್ಮ ದೇಶದಲ್ಲಿ ಈ ವಿಷಯವು ಹೊಸದಲ್ಲ. ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಅನುಭವಿಸಿದ ನಷ್ಟವು ಜನಗಣತಿಯಲ್ಲಿಯೇ ಕಾಣುತ್ತದೆ. 1871ರಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಬೆಂಗಳೂರಿಗೆ ಮದರಾಸಿನ ಕಡೆಯಿಂದ ರೈಲುಮಾರ್ಗವು ಆಗಲೇ ಇದ್ದಿತು. ಆದರೆ ಮೇವು ನೀರಿಲ್ಲದೆ ಎತ್ತುಗಳು ಸಾಯುತ್ತಿರುವಾಗ ರೈಲು ತಂದ ಧಾನ್ಯವನ್ನು ಒಳನಾಡಿನ ಹಳ್ಳಿಗಳಿಗೆ ಮುಟ್ಟಿಸುವುದು ಕಷ್ಟವಾಯಿತು. ದೂರದಲ್ಲಿರುವ ಧಾನ್ಯಕ್ಕೂ ಮನೆಯಲ್ಲಿರುವ ಧಾನ್ಯಕ್ಕೂ ಇರುವ ಅಂತರವು ಇದರಿಂದ ತಿಳಿಯುತ್ತದೆ. ಈಗ ರಸ್ತೆಗಳೂ ನ್ಯಾಯಬೆಲೆಯ ಅಂಗಡಿಗಳೂ ಇರುವಾಗ ಇಂತಹ ಭಯವೇಕೆಂದು ಕೆಲವರು ಕೇಳಬಹುದು. 2013ರ ಆಹಾರಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದ ತಲೆಯೊಂದಕ್ಕೆ ತಿಂಗಳಿಗೆ ದೊರೆಯುವ ಧಾನ್ಯವು 5 ಕಿಲೋ. ಐದು ಜನರ ಮನೆಗೆ ಇದು 25 ಕಿಲೋ ಆಗುತ್ತದೆ. ಮೈಮುರಿದು ದುಡಿಯುವ ಅಂತಹ ಮನೆಗೆ ತಿಂಗಳಿಗೆ 60 ಕಿಲೋವಿನಷ್ಟು ಬೇಕು. 2020ರ ಮಾರ್ಚ್ 25ರಿಂದ ದೇಶವೆಲ್ಲವೂ ಬಾಗಿಲು ಹಾಕಿಕೊಂಡ ದಿನಗಳಲ್ಲಿಯೂ, ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟ 2023ರಲ್ಲಿಯೂ ಕಣಜವಿದ್ದ ಮನೆಗೂ ಇಲ್ಲದ ಮನೆಗೂ ಇದ್ದ ವ್ಯತ್ಯಾಸವನ್ನು ಗ್ರಾಮದಲ್ಲಿರುವವರಿಗೆ ನಾವು ಹೇಳಬೇಕಾಗಿಲ್ಲ.

ಇನ್ನು ಲೆಕ್ಕವನ್ನು ನೋಡೋಣ. ಇಬ್ಬರು ದೊಡ್ಡವರು, ಮೂವರು ಮಕ್ಕಳಿರುವ ಮನೆಗೆ ದಿನಕ್ಕೆ 2 ಕಿಲೋ ಧಾನ್ಯವೆಂದಿಟ್ಟುಕೊಂಡರೆ ಮೂರು ತಿಂಗಳಿಗೆ 180 ಕಿಲೋ ಆಗುವುದು. ಇದನ್ನು ಒಂದೇ ಸುಗ್ಗಿಯಲ್ಲಿ ಕೂಡಿಡಬೇಕೆಂದು ಬಡವನಿಗೆ ಹೇಳುವುದು ವ್ಯರ್ಥ. ಆದರೆ ಮೊದಲನೆಯ ವರ್ಷ 60 ಕಿಲೋ, ಎರಡನೆಯ ವರ್ಷ ಮತ್ತೆ 60 ಎಂಬಂತೆ ಮೂರು ಸುಗ್ಗಿಗಳಲ್ಲಿ ಪೂರ್ಣಗೊಳಿಸುವುದು ಸಾಧ್ಯ. ಹೀಗೆ ವರ್ಷದಿಂದ ವರ್ಷಕ್ಕೆ ಕೂಡಿಡಲು ರಾಗಿಯಂತಹ ಧಾನ್ಯವು ಇನ್ನೊಂದಿಲ್ಲ. ಕಾಳು ಸಣ್ಣದು, ಹೊಟ್ಟು ಬಿಗಿ. ಅಕ್ಕಿಯನ್ನೂ ಜೋಳವನ್ನೂ ಹಾಳುಮಾಡುವ ಮೂತಿಹುಳುವಿಗೆ ಅದರೊಳಗೆ ಮನೆಮಾಡಲು ಸ್ಥಳವೇ ಸಾಲದು. ಒಣಗಿಸಿಟ್ಟ ಇಡೀ ರಾಗಿಯು ಅನೇಕ ವರ್ಷಗಳವರೆಗೆ ಕೆಡದೆ ನಿಲ್ಲುತ್ತದೆ. ಅದರಲ್ಲಿರುವ ಸುಣ್ಣದಂಶವು ಅಕ್ಕಿಯಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚೆಂಬುದು ಮಕ್ಕಳಿರುವ ಮನೆಗೆ ಮತ್ತೊಂದು ಲಾಭ. ಹಿಟ್ಟು ಮಾಡಿಟ್ಟರೆ ಮಾತ್ರ ಈ ಗುಣವೆಲ್ಲ ಹೋಗಿ ಬೇಗನೆ ಕಮಟಾಗುವುದರಿಂದ ಬೀಸುವುದು ವಾರ ಹದಿನೈದು ದಿನಗಳಿಗೆ ಬೇಕಾದಷ್ಟನ್ನು ಮಾತ್ರ.

ಭೂಮಿಯಿಲ್ಲದವರು ಅಡಿಗೆಯ ಹೊತ್ತಿನಲ್ಲಿ ಹೊತ್ತಿಗೊಂದು ಹಿಡಿಯಂತೆ ತೆಗೆದಿಡುವ ಪದ್ಧತಿಯುಂಟು. ಹಿಡಿಗೆ 50 ಗ್ರಾಂ ಎಂದರೆ ದಿನಕ್ಕೆ 100 ಗ್ರಾಂ, ವರ್ಷಕ್ಕೆ 36 ಕಿಲೋ; ಅಂದರೆ ಮೇಲೆ ಹೇಳಿದ ಮನೆಗೆ ಹದಿನೆಂಟು ದಿನಗಳ ಊಟ. ಪದ್ಧತಿಯು ಒಳ್ಳೆಯದೇ. ಆದರೆ ಮಗುವಿನ ಬಾಯಿಂದ ತೆಗೆದ ಹಿಡಿಯನ್ನು ಉಳಿತಾಯವೆನ್ನಲಾಗದು. ಸುಗ್ಗಿಯ ಎರಡು ತಿಂಗಳು, ಹೊಟ್ಟೆ ತುಂಬಿರುವಾಗ ಎರಡು ಹಿಡಿ ತೆಗೆದು, ಬೇಸಗೆಯ ಕಷ್ಟದಲ್ಲಿ ನಿಲ್ಲಿಸಿಬಿಡುವುದೇ ಉಚಿತವೆಂದು ನಮ್ಮ ಅಭಿಪ್ರಾಯ.

ಸಂಗ್ರಹವು ಕೆಡುವುದಕ್ಕೆ ಮುಖ್ಯ ಕಾರಣವು ಪಾತ್ರೆಯ ಬಡತನವಲ್ಲ, ಕಾಳಿನ ಹಸಿತನ. ಎಷ್ಟೇ ಬೆಲೆಯ ತಗಡಿನ ಡಬ್ಬಿಯಾದರೂ ಹಸಿಯ ಕಾಳನ್ನು ತುಂಬಿದರೆ ಅದು ಒಳಗೇ ಬೆವತು ಮುಗ್ಗುವುದು ನಿಶ್ಚಯ. ನೂರು ಭಾಗ ಧಾನ್ಯದಲ್ಲಿ ನೀರಿನಂಶವು ರಾಗಿ, ಜೋಳ, ಭತ್ತಗಳಿಗೆ 12 ಭಾಗಕ್ಕೂ, ಬೇಳೆಕಾಳುಗಳಿಗೆ 9-10 ಭಾಗಕ್ಕೂ ಮೀರಿರಕೂಡದು. ಇದನ್ನು ಅಳೆಯುವ ಯಂತ್ರವು ಎಲ್ಲರಲ್ಲಿಯೂ ಇರುವುದಿಲ್ಲವಾದರೂ ಉಪ್ಪಿನ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಕಾಲುಭಾಗ ಕಾಳನ್ನೂ ಒಂದೆರಡು ಚಮಚ ಒಣ ಪುಡಿಯುಪ್ಪನ್ನೂ ಹಾಕಿ, ಬಿರಡೆ ಬಿಗಿದು, ಕೆಲವು ನಿಮಿಷ ಕುಲುಕಿ ಸ್ವಲ್ಪ ಹೊತ್ತು ಇಡಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡರೆ ಕಾಳಿನಲ್ಲಿ ನೀರಿನಂಶವು 15 ಭಾಗಕ್ಕೆ ಮೇಲ್ಪಟ್ಟಿದೆಯೆಂದು ತಿಳಿಯತಕ್ಕದ್ದು. ಅಂಟದಿದ್ದರೂ ಅಷ್ಟಕ್ಕೇ ತೃಪ್ತಿಪಡದೆ ಮತ್ತೂ ಒಂದೆರಡು ಬಿಸಿಲು ಕೊಡುವುದು ಲೇಸು. ಏಕೆಂದರೆ 15ಕ್ಕೂ 12ಕ್ಕೂ ನಡುವಣ ಅಂತರವನ್ನು ಈ ಪರೀಕ್ಷೆಯು ತೋರಿಸಲಾರದು. ಒಣಗಿಸಿದ ಕಾಳನ್ನು ಬಿಸಿಯಿರುವಾಗಲೇ ತುಂಬದೆ ನೆರಳಿನಲ್ಲಿ ಆರಲು ಬಿಟ್ಟು ಮಂಜು ಬೀಳುವ ಮೊದಲೇ ತುಂಬಬೇಕು.

ಮುಗ್ಗಿದ ಧಾನ್ಯವನ್ನು ತೊಳೆದು ಬೇಯಿಸಿದರೆ ಸರಿಹೋಗುವುದೆಂಬ ನಂಬಿಕೆಯು ತಪ್ಪು. ಬೂಷ್ಟಿನಿಂದುಂಟಾಗುವ ಕೆಲವು ವಿಷಗಳು ಬೆಂಕಿಯ ಕಾವಿಗೆ ನಾಶವಾಗುವುದಿಲ್ಲ. ಅಂತಹುದನ್ನು ಹಸುವಿಗೂ ಹಾಕಬಾರದು.

ಪಾತ್ರೆಯ ವಿಷಯದಲ್ಲಿ ಇರುವುದನ್ನೇ ಸರಿಪಡಿಸಿಕೊಳ್ಳುವುದು ಅಗ್ಗವಾದ ದಾರಿ. ಬಿದಿರಿನ ಕಣಜವಾದರೆ ಒಳಗೂ ಹೊರಗೂ ಸಗಣಿ ಮಣ್ಣುಗಳಿಂದ ಸಾರಿಸಿ ಪೂರ್ಣ ಒಣಗಿಸಿ, ನೆಲದಿಂದ ಎರಡು ಅಡಿಗಳಷ್ಟು ಎತ್ತರದ ಕಲ್ಲುಗಳ ಮೇಲಿಡಬೇಕು. ಗುಡಾಣ, ವಾಡೆಗಳಿಗೆ ಬಿರುಕು ಮುಚ್ಚಿದರೆ ಸಾಕು. ಗೋಣಿಚೀಲಗಳಾದರೆ ಹಳೆಯವನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ ತುಂಬಿ, ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ ಜೋಡಿಸುವುದು. ಸಾಹುಕಾರರಿಗೆ ಪೂಸಾ ಕಣಜವೂ ಪರಿಶೀಲನೆಗೆ ಯೋಗ್ಯವಾಗಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಇದು ಸುಡದ ಮಣ್ಣಿಟ್ಟಿಗೆಯ ಎರಡು ಗೋಡೆಗಳ ನಡುವೆ ಪಾಲಿಥೀನ್ ಹಾಳೆಯನ್ನು ಸೇರಿಸಿ ಕಟ್ಟುವಂತಹುದು. ನೆಲದ ತೇವವೂ ಹೊರಗಣ ಗಾಳಿಯೂ ಒಳಗೆ ಹೋಗುವುದಿಲ್ಲ. ಔಷಧಿ, ಬಣ್ಣ, ರಾಸಾಯನಿಕಗಳು ಬಂದಿದ್ದ ಪೀಪಾಯಿಗಳು ಸಂತೆಯಲ್ಲಿ ಅಗ್ಗಕ್ಕೆ ದೊರೆಯುತ್ತವೆ. ಎಷ್ಟು ಬಾರಿ ತೊಳೆದರೂ ಅವುಗಳಲ್ಲಿ ದವಸವನ್ನು ಇಡಕೂಡದು.

ಗಾಳಿಯನ್ನು ತಡೆದರೆ ಹುಳು ಸಾಯುವುದೆಂಬ ತತ್ತ್ವವು ನಮ್ಮ ಹಿರಿಯರ ಹಗೇವಿನಲ್ಲಿಯೇ ಅಡಗಿದೆ. ಎತ್ತರವಾದ, ನೀರು ನಿಲ್ಲದ ಗಟ್ಟಿನೆಲದಲ್ಲಿ ಒಬ್ಬ ಮನುಷ್ಯನು ಇಳಿಯುವಷ್ಟು ಕಿರಿದಾದ ಬಾಯಿಯನ್ನು ತೋಡಿ, ಕೆಳಗೆ ಹೂಜಿಯಂತೆ ಅಗಲಿಸಿ, ಒಳಗೆ ಹುಲ್ಲು ಸುಟ್ಟು ತೇವವನ್ನು ತೆಗೆದು, ಸುತ್ತಲೂ ಒಣಹುಲ್ಲನ್ನು ಒತ್ತಿ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣೇರಿಸುತ್ತಿದ್ದರು. ಮುಚ್ಚಿದ ಮೇಲೆ ಕಾಳೂ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತವೆ, ಅದರ ಸ್ಥಳದಲ್ಲಿ ಇಂಗಾಲದ ಡೈಆಕ್ಸೈಡು ತುಂಬುತ್ತದೆ, ಹುಳುವು ಉಳಿಯದು. ಈಗ ಮಾರಾಟಕ್ಕಿರುವ ಪದರಪದರದ ಗಾಳಿಬಿಗಿ ಚೀಲಗಳು ಮಾಡುವ ಕೆಲಸವೂ ಇದೇ. ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿಯೂ ಹಗೇವುಗಳ ಬಳಕೆ ಬಹುವಾಗಿತ್ತು. ಜೋಳಕ್ಕೆ ಮಾತ್ರ ಅಂಚಿನ ಕಾಳು ಬಣ್ಣಗೆಟ್ಟು ಒಂದು ವಾಸನೆ ಹಿಡಿಯುವುದುಂಟು.

ಹಗೇವಿನ ಈ ಗುಣವೇ ಅದರ ಅಪಾಯವೂ ಹೌದು. ಈ ವಾಯುವು ಗಾಳಿಗಿಂತ ಭಾರವಾದುದರಿಂದ ಗುಂಡಿಯ ತಳದಲ್ಲಿ ನಿಂತಿರುತ್ತದೆ. ಬಣ್ಣವಿಲ್ಲ, ಗೊತ್ತಾಗುವ ವಾಸನೆಯಿಲ್ಲ. ಬಾಯಿ ತೆರೆದೊಡನೆ ಇಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಕುಸಿಯುತ್ತಾನೆ. ಅವನನ್ನು ಎತ್ತಲು ಅಣ್ಣನೋ ಮಗನೋ ಇಳಿದು ಅವನೂ ಹಾಗೆಯೇ ಆಗುತ್ತಾನೆ. ಹಿಂದಿನವರು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪವು ನಂದಿದರೆ ಇಳಿಯಕೂಡದೆಂಬುದು ಸರಿಯೇ. ಆದರೆ ಉರಿದ ಮಾತ್ರಕ್ಕೆ ಕ್ಷೇಮವೆಂದು ತಿಳಿಯುವುದು ತಪ್ಪು, ಏಕೆಂದರೆ ದೀಪವು ಉರಿಯುವಷ್ಟು ಗಾಳಿಯಿದ್ದಾಗಲೂ ಈ ವಾಯುವಿನ ಪ್ರಮಾಣವು ಮನುಷ್ಯನನ್ನು ಕೆಡವುವಷ್ಟಿರಬಹುದು. ಸಾಧ್ಯವಾದಷ್ಟು ದವಸವನ್ನು ಮೇಲಿನಿಂದಲೇ ಬಕೇಟಿನಿಂದ ಎತ್ತಬೇಕು. ಇಳಿಯಲೇಬೇಕಾದರೆ ಪೂರ್ಣ ಒಂದು ದಿನ ಬಾಯಿ ತೆರೆದಿಟ್ಟು, ಬೀಸುಯಂತ್ರದಿಂದ ತಳದವರೆಗೂ ಹೊಸಗಾಳಿಯನ್ನು ಹೊಡೆಸಿ, ಇಳಿಯುವವನ ತೋಳುಗಳ ಕೆಳಗೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಬಲವಂತರು ಹಗ್ಗವನ್ನು ಹಿಡಿದಿರಬೇಕು. ಕುಸಿದವನನ್ನು ಹಗ್ಗದಿಂದ ಎಳೆಯಬೇಕೇ ಹೊರತು ಇನ್ನೊಬ್ಬನು ಹಿಂದೆ ಇಳಿಯಕೂಡದು. ಹಳೆಯ ಹಗೇವುಗಳಿರುವ ಗ್ರಾಮಗಳ ಮುಖಂಡರು ಇದನ್ನು ಡಂಗುರ ಹೊಡೆಸಿಯಾದರೂ ಎಲ್ಲರಿಗೂ ತಿಳಿಯಪಡಿಸುವುದು ಅವಶ್ಯ.

ಬೇಳೆಕಾಳುಗಳ ಕತೆಯೇ ಬೇರೆ. ತೊಗರಿ, ಅವರೆ, ಹೆಸರು, ಅಲಸಂದೆಗಳಿಗೆ ಹುಳುವು ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ. ಮನೆಗೆ ತಂದ ಒಂದು ತಿಂಗಳೊಳಗಾಗಿ ಕಾಳಿನಲ್ಲಿ ದುಂಡನೆಯ ತೂತುಗಳು ಕಾಣುತ್ತವೆ. ಇಡೀ ಕಾಳಿಗೆ ಕಿಲೋ ಒಂದಕ್ಕೆ ಒಂದು ಸಣ್ಣ ಚಮಚದಷ್ಟು ಹರಳೆಣ್ಣೆಯನ್ನಾಗಲಿ ಅಡಿಗೆಯೆಣ್ಣೆಯನ್ನಾಗಲಿ ಸವರಿ ಕೈಯಿಂದ ಉಜ್ಜಿದರೆ ಮೊಟ್ಟೆಗಳು ಉಸಿರು ಕಟ್ಟಿ ಸಾಯುತ್ತವೆ. ಗಡಿಗೆಯಲ್ಲಿ ತುಂಬಿ ಮೇಲೆ ಎರಡು ಬೆರಳು ದಪ್ಪ ಒಣಮರಳನ್ನು ಹರಡುವುದೂ ಪರೀಕ್ಷಿತವಾದ ಉಪಾಯ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿಡುವ ಹೆಂಗಸರ ಪದ್ಧತಿಯನ್ನು ತಿಳಿಯದವರು ಹಾಸ್ಯ ಮಾಡುವುದುಂಟು. ಅದು ಹಾಸ್ಯಕ್ಕೆ ತಕ್ಕದ್ದಲ್ಲ. ಬೇಳೆ ಒಡೆದಿಟ್ಟರೆ ಈ ಹುಳುವಿನ ಬಾಧೆ ಬಹಳ ಕಡಿಮೆ. ಹಣವು ಕಡಿಮೆಯಿರುವ ಮನೆಗೆ ಹುರುಳಿಯೇ ಸಾಕು. ತಿಂಗಳಿಗೆ 10 ಕಿಲೋ ಲೆಕ್ಕ.

ಇಲ್ಲಿ ಎರಡು ವಸ್ತುಗಳ ವಿಷಯವಾಗಿ ಎಚ್ಚರಿಸಬೇಕಾಗಿದೆ. ಕಾಳಿನಲ್ಲಿ ಪಾದರಸ ಬೆರೆಸುವ ಚಾಳಿಯು ಕೆಲವೆಡೆ ಇದ್ದಿತು, ಅದು ವಿಷ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳಾದರೋ ಉಗ್ರಾಣಗಳಲ್ಲಿ ತಿಳಿದವರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸತಕ್ಕವು. ಜನರು ಮಲಗುವ ಮನೆಯಲ್ಲಿಟ್ಟರೆ ಅದರಿಂದ ಹೊರಡುವ ಅನಿಲವು ಹುಳುವನ್ನೂ ಮಗುವನ್ನೂ ಬೇರೆಯೆಂದು ನೋಡುವುದಿಲ್ಲ.

ಉಪ್ಪು, ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ, ಬೆಂಕಿಪೊಟ್ಟಣ, ಒಂದು ತಿಂಗಳ ಸೌದೆ ಇವುಗಳನ್ನು ಜೊತೆಗಿಟ್ಟುಕೊಳ್ಳುವುದು ಎಲ್ಲರಿಗೂ ತಿಳಿದದ್ದೇ. ನದೀತೀರದವರಿಗೂ ಮಲೆನಾಡಿನವರಿಗೂ ಮಾತ್ರ ಒಂದು ಮಾತು: 2018ರಲ್ಲಿ ಕೊಡಗಿನಲ್ಲಿಯೂ 2019ರಲ್ಲಿ ಕೃಷ್ಣಾ, ಮಲಪ್ರಭಾ ತೀರಗಳಲ್ಲಿಯೂ ಆದಂತೆ ನೀರು ಒಮ್ಮೆಗೇ ನುಗ್ಗುವ ಸ್ಥಳಗಳಲ್ಲಿ ಹಗೇವೂ ನೆಲದ ಕಣಜವೂ ನಿರುಪಯೋಗ. ಅಲ್ಲಿ ಹದಿನೈದು ದಿನಗಳ ಅಕ್ಕಿ ಬೇಳೆಗಳನ್ನು ಹೊತ್ತೊಯ್ಯಬಹುದಾದ ಸಣ್ಣ ಬಿಗಿಡಬ್ಬಿಗಳಲ್ಲಿ ಅಟ್ಟದ ಮೇಲಿಡುವುದೇ ಸರಿ.

ಹಿಡುವಳಿದಾರರಲ್ಲಿ ನಮ್ಮ ಒಂದು ವಿಶೇಷ ವಿಜ್ಞಾಪನೆಯಿದೆ. ಸುಗ್ಗಿಯ ಕೂಲಿಯಲ್ಲಿ ಒಂದು ಪಾಲನ್ನು, ಕೆಲಸದವನು ಒಪ್ಪುವುದಾದರೆ, ಅಂದಿನ ಬೆಲೆಯಲ್ಲಿಯೇ ಒಣಗಿದ ರಾಗಿಯಾಗಿ ಕೊಡಬಹುದು. ಅವನ ಗುಡಿಸಲಿನಲ್ಲಿ ಸ್ಥಳವಿಲ್ಲದಿದ್ದರೆ ತಮ್ಮ ಕಣಜದಲ್ಲಿಯೇ ಅವನ ಹೆಸರಿನ ಚೀಲವನ್ನು ಇಟ್ಟುಕೊಡಬಹುದು. ಆಷಾಢದಲ್ಲಿ ಒಂದು ಪಲ್ಲ ಕೊಟ್ಟು ಸುಗ್ಗಿಯಲ್ಲಿ ಒಂದೂವರೆ ಪಲ್ಲ ಅಳೆಸಿಕೊಳ್ಳುವ ಹಿಂದಿನ ವ್ಯವಹಾರವು ಎಷ್ಟು ಮನೆಗಳನ್ನು ತೆಗೆಯಿತೆಂಬುದನ್ನು ಹಿರಿಯರು ಬಲ್ಲರು. ಗ್ರಾಮದಲ್ಲಿ ಹತ್ತು ಮನೆಗಳು ಸೇರಿ ಮನೆಗೆ 20 ಕಿಲೋವಿನಂತೆ ಕೂಡಿಸಿದರೆ ಎರಡು ಕ್ವಿಂಟಾಲಿನ ಸಾಮಾನ್ಯ ಕಣಜವಾಗುವುದು. ಕೊಂಡೊಯ್ದವರು ಸುಗ್ಗಿಯಲ್ಲಿ ಅಷ್ಟನ್ನೂ, ಇಲಿ ಹುಳುಗಳ ನಷ್ಟಕ್ಕೆಂದು ಒಂದೆರಡು ಸೇರನ್ನೂ ಹಿಂದಕ್ಕೆ ಅಳೆದರೆ ಸಾಕು. ಲೆಕ್ಕದ ಪುಸ್ತಕವು ಒಬ್ಬರ ಕೈಯಲ್ಲಿಯೂ ಬೀಗದ ಕೈ ಇನ್ನೊಬ್ಬರ ಕೈಯಲ್ಲಿಯೂ ಇರತಕ್ಕದ್ದು.

ತುಂಬಿಟ್ಟ ಮೇಲೆ ಮಳೆಗಾಲದಲ್ಲಿ ಹದಿನೈದು ದಿನಗಳಿಗೊಮ್ಮೆ ಕಣಜದ ಅಥವಾ ಚೀಲದ ನಡುವಿಗೆ ಮೊಳಕೈವರೆಗೆ ಕೈಯಿಟ್ಟು ನೋಡಬೇಕು. ಕಾವು ತಟ್ಟಿದರೆ ಒಳಗೆ ಹುಳುವೋ ತೇವವೋ ಇರುವುದು ಖಂಡಿತ. ಅಂದೇ ಹೊರಕ್ಕೆ ತೆಗೆದು, ಮೊದಲ ಬಿಸಿಲಿಗೆ ಹರಡಿ, ಜರಡಿಯಾಡಿ, ಆರಿದ ಮೇಲೆ ಮರಳಿ ತುಂಬಬೇಕು. ಗಾಳಿಬಿಗಿಯಾಗಿ ಮುಚ್ಚಿದ ಚೀಲ, ಪೀಪಾಯಿಗಳನ್ನು ಮಾತ್ರ ಹೀಗೆ ಪದೇ ಪದೇ ತೆರೆಯದೆ, ಒಮ್ಮೆ ತೆರೆದುದನ್ನು ಉಂಡು ಮುಗಿಸಿ ನಂತರ ಮತ್ತೊಂದಕ್ಕೆ ಕೈಹಾಕುವುದು.