ಕೆಸರಿಗಿಳಿದ ಸಂಪಾದಕರು

2019ರ ಡಿಸೆಂಬರ್ ಮೊದಲ ವಾರದಲ್ಲಿ ಅಮೆರಿಕದ 19 ವಾಹನ ಪತ್ರಿಕೆಗಳ ಮುದ್ರಣ ನಿಲ್ಲುವ ಸುದ್ದಿ ಒಂದೇ ಪ್ರಕಟಣೆಯಲ್ಲಿ ಹೊರಬಿತ್ತು. ಮೋಟರ್ ಟ್ರೆಂಡ್ ಗ್ರೂಪ್ ತನ್ನ ಕೈಯಲ್ಲಿದ್ದ 22ರಲ್ಲಿ ಉಳಿಸಿಕೊಂಡದ್ದು ‘ಮೋಟರ್ ಟ್ರೆಂಡ್’, ‘ಹಾಟ್ ರಾಡ್’, ‘ಫೋರ್ ವೀಲರ್’ ಎಂಬ ಮೂರನ್ನು ಮಾತ್ರ. ನಿಂತುಹೋದವುಗಳಲ್ಲಿ ‘ಫೋರ್ ವೀಲ್ ಅಂಡ್ ಆಫ್‌ರೋಡ್’ ಮತ್ತು ಜೀಪಿನವರಿಗೇ ಮೀಸಲಾದ ‘ಜೆಪಿ’ ಸೇರಿದ್ದವು. ಇಂಟರ್ನೆಟ್ ಬಂತು, ಕಾಗದ ಹೋಯಿತು ಎಂದು ಹೆಚ್ಚಿನವರು ಮಾತು ಮುಗಿಸಿದರು. ಅದು ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ಕಾಡು, ಬಂಡೆ, ಮರಳುಗಾಡಿನಲ್ಲಿ ಗಾಡಿ ಓಡಿಸುವವರ ಈ ಪತ್ರಿಕೆಗಳು ಇಷ್ಟು ವರ್ಷ ಬಾಳಿದ್ದು ಸಂಪಾದಕನೂ ತಮ್ಮಂತೆಯೇ ಒಬ್ಬ ಗಾಡಿಯವನು ಎಂಬ ಓದುಗರ ನಂಬಿಕೆಯ ಮೇಲೆ. ಪತ್ರಿಕೆಗಳ ಒಡೆತನವನ್ನು ಕೊಂಡ ಕಂಪನಿಯವರು ದುಡ್ಡು ಕೊಟ್ಟದ್ದು ಹೆಸರಿಗೆ. ಆ ನಂಬಿಕೆಗೆ ಬೆಲೆ ಕಟ್ಟುವ ಲೆಕ್ಕ ಅವರಲ್ಲಿರಲಿಲ್ಲ.

ಈ ನಂಬಿಕೆ ಹುಟ್ಟಿದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಎರಡನೇ ಮಹಾಯುದ್ಧಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಎಷ್ಟೋ ಸಾಮಾನ್ಯರ ಕೈಗೆ ಬಂದವು. 1953ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ರೂಬಿಕಾನ್ ಹಾದಿಯಲ್ಲಿ ಜೀಪಿನವರ ಜಾತ್ರೆಯೇ ನೆರೆಯತೊಡಗಿತ್ತು. 1962ರಲ್ಲಿ ‘ಫೋರ್ ವೀಲರ್’ ಬಂತು. ಕಂಪನಿಯ ಕೈಪಿಡಿ ಎಣ್ಣೆ ಯಾವಾಗ ಬದಲಿಸಬೇಕೆಂದು ಹೇಳುತ್ತಿತ್ತು, ಬಂಡೆ ಹತ್ತಿಸುವಾಗ ಏನು ಮುರಿಯುತ್ತದೆ ಎಂದು ಹೇಳುತ್ತಿರಲಿಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ಜೀಪು ಓಡಿಸಿದವರಿಗೆ ಇದು ಗೊತ್ತು: ಒಂದು ಚಕ್ರ ಕೆಸರಲ್ಲಿ ಹೂತರೆ ಅದೊಂದೇ ಗರಗರ ತಿರುಗುತ್ತದೆ, ಗಟ್ಟಿ ನೆಲದ ಮೇಲಿನದು ಸುಮ್ಮನೆ ನಿಂತಿರುತ್ತದೆ. ಡಿಫರೆನ್ಷಿಯಲ್‌ನ ಸ್ವಭಾವವೇ ಅದು. ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸಲು ‘ಲಾಕರ್’ ಎಂಬ ಸಾಧನ ಕೂರಿಸಬೇಕು. ಕೂರಿಸಿದಿರೋ, ಬಲವೆಲ್ಲ ಹಿಡಿತ ಸಿಕ್ಕ ಒಂದೇ ಚಕ್ರದ ಮೇಲೆ ಬಿದ್ದು ಆಕ್ಸಲ್ ಶಾಫ್ಟು ಮುರಿಯಬಹುದು. ದಪ್ಪ ಆಕ್ಸಲ್ ಹಾಕಿದಿರೋ, ಬ್ರೇಕು, ಸ್ಪ್ರಿಂಗು, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಎಲ್ಲವನ್ನೂ ಮತ್ತೆ ನೋಡಬೇಕು. ಮುಂದಿನ ಚಕ್ರಗಳಿಗೂ ಲಾಕರ್ ಬಿದ್ದರೆ ಸ್ಟೀರಿಂಗ್ ತಿರುಗಿಸಲು ರಟ್ಟೆಯಲ್ಲಿ ಕಸುವು ಬೇಕು. ಇಂಥ ಸರಪಳಿಯ ಒಂದೊಂದು ಕೊಂಡಿಯನ್ನೂ ಮುರಿದು, ಫೋಟೊ ತೆಗೆದು, ಅಂಕಿ ಹಾಕಿ ತೋರಿಸುವುದೇ ಪತ್ರಿಕೆಯ ಕಸುಬಾಗಿತ್ತು. ಕೇಳಿ ಬರೆದವನಿಗೂ ಮುರಿದು ಬರೆದವನಿಗೂ ಇರುವ ವ್ಯತ್ಯಾಸ ಗ್ಯಾರೇಜಿನಲ್ಲಿ ಕೂತು ಓದುವವನಿಗೆ ಎರಡನೇ ಪ್ಯಾರಾದಲ್ಲೇ ಗೊತ್ತಾಗಿಬಿಡುತ್ತದೆ.

ಆದ್ದರಿಂದಲೇ ಇಲ್ಲಿ ಸಂಪಾದಕ ಬದಲಾಗುವುದು ಕಚೇರಿಯ ಒಳಗಿನ ಸಂಗತಿಯಾಗಿ ಉಳಿಯುತ್ತಿರಲಿಲ್ಲ. ಸುದ್ದಿಪತ್ರಿಕೆಯ ಸಂಪಾದಕ ಯಾವ ಕಾರಿನಲ್ಲಿ ಓಡಾಡಿದರೆ ನಮಗೇನು? ಇಲ್ಲಿ ಮೊದಲ ಪ್ರಶ್ನೆಯೇ ಅದು. ‘ಫೋರ್ ವೀಲ್ ಅಂಡ್ ಆಫ್‌ರೋಡ್’ ಪತ್ರಿಕೆಯನ್ನು ಬಹುಕಾಲ ನಡೆಸಿದ ರಿಕ್ ಪೆವೆ ಹಳೆಯ ವಿಲ್ಲಿಸ್ ಜೀಪುಗಳ ಹುಚ್ಚಿಗೆ ಹೆಸರಾದವರು. ಅದೇ ಕುರ್ಚಿಯಲ್ಲಿ ಅವರಿಗಿಂತ ಮೊದಲು ಕೂತಿದ್ದ ಡೇವಿಡ್ ಫ್ರೈಬರ್ಗರ್ ‘ಹಾಟ್ ರಾಡ್’ ಬಳಗದಲ್ಲಿ ಪಳಗಿದವರು, ಮುಂದೆ ಆ ಪತ್ರಿಕೆಗೇ ಸಂಪಾದಕರಾಗಿ ಹೋದವರು. ಓದುಗರೂ ಸುಮ್ಮನೆ ಓದುವವರಲ್ಲ. ‘ಫೋರ್ ವೀಲರ್’ 1993ರಲ್ಲಿ ಶುರು ಮಾಡಿದ ಟಾಪ್ ಟ್ರಕ್ ಚಾಲೆಂಜ್ ಸ್ಪರ್ಧೆಗೆ ಗಾಡಿಗಳನ್ನು ಆರಿಸಿದ್ದು ಓದುಗರ ಮತ. ಎದುರಾಳಿ ‘ಫೋರ್ ವೀಲ್ ಅಂಡ್ ಆಫ್‌ರೋಡ್’ 2000ದಿಂದ ನಡೆಸಿದ ಅಲ್ಟಿಮೇಟ್ ಅಡ್ವೆಂಚರ್ ಪಯಣದಲ್ಲಿ ಆಯ್ದ ಓದುಗರ ಗಾಡಿಗಳ ನಡುವೆ ಸಂಪಾದಕ ಬಳಗದ್ದೂ ಇರುತ್ತಿತ್ತು. ಮುರಿದರೆ ಎಲ್ಲರ ಕಣ್ಣೆದುರೇ ಮುರಿಯಬೇಕು, ಬಯಲಲ್ಲೇ ಬೆಸುಗೆ ಹಾಕಿಕೊಳ್ಳಬೇಕು. ಓದುಗನ ಎದುರು ಹೀಗೆ ಪರೀಕ್ಷೆಗೆ ಕೂರುವ ಸಂಪಾದಕರು ಬೇರೆ ಯಾವ ಬಗೆಯ ಪತ್ರಿಕೆಯಲ್ಲೂ ಹೆಚ್ಚು ಸಿಗಲಾರರು.

ಮಾಲೀಕರ ಕಥೆ ಇನ್ನೊಂದು ದಿಕ್ಕಿಗೆ ಓಡಿತು. 1948ರಲ್ಲಿ ‘ಹಾಟ್ ರಾಡ್’ ಆರಂಭಿಸಿದ ರಾಬರ್ಟ್ ಪೀಟರ್ಸನ್ ತಮ್ಮ ಪ್ರಕಾಶನವನ್ನು 1996ರಲ್ಲಿ ಮಾರಿದರು. ಅಲ್ಲಿಂದ ಅದು ಬ್ರಿಟನ್ನಿನ ಇಮ್ಯಾಪ್‌ಗೆ, 2001ರಲ್ಲಿ ಪ್ರೈಮೀಡಿಯಾಗೆ, 2007ರಲ್ಲಿ ಸೋರ್ಸ್ ಇಂಟರ್‌ಲಿಂಕ್‌ಗೆ ಹೋಯಿತು. ‘ಫೋರ್ ವೀಲರ್’ ಒಂದು ಕಾಲಕ್ಕೆ ‘ಪೆಂಟ್‌ಹೌಸ್’ ಹೊರತರುತ್ತಿದ್ದ ಸಂಸ್ಥೆಯ ಕೂಸು ಎಂದರೆ ಈಗ ನಗು ಬಂದೀತು. ಅದೂ ಕೊನೆಗೆ ತನ್ನ ಎದುರಾಳಿ ‘ಫೋರ್ ವೀಲ್ ಅಂಡ್ ಆಫ್‌ರೋಡ್’ ಇದ್ದ ಈ ಸೂರಿನಡಿಗೇ ಬಂತು. 2007ರ ವ್ಯವಹಾರದ ಮೊತ್ತ ಸುಮಾರು 120 ಕೋಟಿ ಡಾಲರ್. 2009ರಲ್ಲಿ ಕೊಂಡ ಕಂಪನಿಯೇ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಸಾಲದ ಬಡ್ಡಿ ಕಟ್ಟುವ ಮನೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಂಬಳದ ಪಟ್ಟಿ. ಒಂದೇ ಲಾಕರ್ ಬಗ್ಗೆ ಎರಡು ಪತ್ರಿಕೆಗಳು ಬೇರೆ ಬೇರೆಯಾಗಿ ಬರೆಯುವುದು ಅಲ್ಲಿ ದಂಡದ ಖರ್ಚಾಗಿ ಕಾಣುತ್ತದೆ. ಓದುಗನಿಗಾದರೋ ಆ ಎರಡನೇ ಅಭಿಪ್ರಾಯವೇ ಬೇಕಾಗಿತ್ತು.

ಓದುಗರ ನಂಬಿಕೆಯ ಈ ಮಾತಿಗೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಜಾಹೀರಾತಿನದು. ಟೈರು, ವಿಂಚು, ಸಸ್ಪೆನ್ಷನ್ ಮಾರುವವರ ಹಣದಿಂದಲೇ ನಡೆಯುತ್ತಿದ್ದ, ಅವರು ಕೊಟ್ಟ ಸಾಮಾನನ್ನೇ ತನ್ನ ಗಾಡಿಗೆ ಜೋಡಿಸಿಕೊಳ್ಳುತ್ತಿದ್ದ ಸಂಪಾದಕನನ್ನು ನಂಬುವುದೆಂತು? ಆ ನಂಟು ಇದ್ದದ್ದು ನಿಜ, ಕೆಲವು ಲೇಖನಗಳು ಬೆಲೆಪಟ್ಟಿಯಂತೆಯೇ ಓದಿಸಿಕೊಳ್ಳುತ್ತಿದ್ದವು. ಆದರೆ ಪುಟಗಳಲ್ಲಿ ಬರೀ ಮಾರಾಟದ ಮಾತೇ ಇದ್ದಿದ್ದರೆ ಅಲ್ಲಿನ ಪಾಠ ಕಾರ್ಖಾನೆಯವರೆಗೆ ಹೋಗುತ್ತಿರಲಿಲ್ಲ. 2003ರ ಮಾದರಿಯಾಗಿ ಬಂದ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಮುಂದೆ ಹಿಂದೆ ಎರಡೂ ಕಡೆ ಲಾಕರ್, ಗಟ್ಟಿ ಆಕ್ಸಲ್, ಫೋರ್‌ವೀಲ್ ಲೋ ಹಾಕಿದಾಗ ನಾಲ್ಕಕ್ಕೊಂದರ ನಿಧಾನ ಗೇರು, ಎಲ್ಲವೂ ಶೋರೂಮಿನಲ್ಲೇ ಸಿಕ್ಕವು. ಓದುಗರು ದಶಕಗಳಿಂದ ಗ್ಯಾರೇಜಿನಲ್ಲಿ ಮಾಡಿಸಿಕೊಳ್ಳುತ್ತಿದ್ದುದು ಇದನ್ನೇ. ಹಾದಿಯ ಹೆಸರೇ ಗಾಡಿಯ ಹೆಸರೂ ಆಯಿತು. ವಿಚಿತ್ರವೆಂದರೆ, ಪತ್ರಿಕೆಯ ಗೆಲುವಾದ ಈ ಬೆಳವಣಿಗೆ ಅದರ ಒಂದಷ್ಟು ಕೆಲಸವನ್ನೂ ಕಿತ್ತುಕೊಂಡಿತು.

ಇನ್ನು ಇಂಟರ್ನೆಟ್ಟಿನ ವಾದ. ಅದೇ ಪೂರ್ಣ ಸತ್ಯವಾಗಿದ್ದರೆ, 2000ದ ದಶಕದ ಉತ್ತರಾರ್ಧದಲ್ಲಿ, ಎಲ್ಲರೂ ಪರದೆಯ ಕಡೆ ಓಡುತ್ತಿದ್ದಾಗ, ಸ್ಕಾಟ್ ಬ್ರೇಡಿ ಮತ್ತು ಜೊನಾಥನ್ ಹ್ಯಾನ್ಸನ್ ಆರಂಭಿಸಿದ ‘ಓವರ್‌ಲ್ಯಾಂಡ್ ಜರ್ನಲ್’ ನೆಲೆ ನಿಲ್ಲಬಾರದಿತ್ತು. ಒಳ್ಳೆಯ ಕಾಗದ, ವರ್ಷಕ್ಕೆ ಕೆಲವೇ ಸಂಚಿಕೆ, ದುಬಾರಿ ಬೆಲೆ. ಗಾಡಿಯಲ್ಲಿ ದೇಶ ಸುತ್ತಿದವರೇ ಅದನ್ನು ಕಟ್ಟಿದರು, ಹ್ಯಾನ್ಸನ್ ಬಿಟ್ಟ ಮೇಲೂ ಅದು ನಡೆಯಿತು. 2019ರಲ್ಲಿ ‘ಫೋರ್ ವೀಲರ್’ ಉಳಿದದ್ದು ಹೆಸರಿನ ಬಲದಿಂದಲ್ಲವೇ ಎಂದರೆ, ಹೌದು, ಹೆಸರಿಗೂ ಬೆಲೆಯಿದೆ. ಆದರೆ ಓದುಗರು ಯಾರ ಹಿಂದೆ ಹೋದರೆಂದು ನೋಡಬೇಕು. 2012ರಲ್ಲಿ ಫ್ರೈಬರ್ಗರ್ ಮತ್ತು ಮೈಕ್ ಫಿನೆಗನ್ ಯೂಟ್ಯೂಬಿನಲ್ಲಿ ‘ರೋಡ್‌ಕಿಲ್’ ಆರಂಭಿಸಿ, ತುಕ್ಕು ಹಿಡಿದ ಗಾಡಿಗಳನ್ನು ರಸ್ತೆಗಿಳಿಸಿ, ಅವು ಕೆಡುವುದನ್ನೇ ಕಾರ್ಯಕ್ರಮ ಮಾಡಿದರು. ‘ಫೋರ್ ವೀಲ್ ಅಂಡ್ ಆಫ್‌ರೋಡ್’ ಬಳಗದ ಫ್ರೆಡ್ ವಿಲಿಯಮ್ಸ್ ‘ಡರ್ಟ್ ಎವರಿಡೇ’ ಎಂಬ ಕಾರ್ಯಕ್ರಮದ ಮೂಲಕ ಕೆಸರಿನ ಕಡೆಯವರನ್ನು ಸೆಳೆದರು. ಹೀಗೆ ಮಂದಿ ಸೇರಿದ್ದು ಮುಖಪುಟದ ಅಕ್ಷರ ನೋಡಿ ಅಲ್ಲ, ಮುಖ ನೋಡಿ.

ಹಾಗಾದರೆ ನಷ್ಟವೇನು, ಸಂಪಾದಕರು ಕ್ಯಾಮೆರಾ ಮುಂದೆ ಬಂದರಲ್ಲ ಎನ್ನಬಹುದು. ನಷ್ಟವಾದದ್ದು ಉತ್ತರಾಧಿಕಾರ. ಪತ್ರಿಕೆಯಲ್ಲಿ ಒಬ್ಬರು ಹೊರಟರೆ ಅವರ ಕೈಕೆಳಗೆ ನಟ್ಟು ಬಿಗಿಯುತ್ತ, ಪ್ರೂಫ್ ತಿದ್ದುತ್ತ ಬೆಳೆದ ಇನ್ನೊಬ್ಬರು ಇರುತ್ತಿದ್ದರು. ಓದುಗರು ಮೂರು ತಿಂಗಳು ಗೊಣಗಿ ಹೊಸಬರ ಗಾಡಿಯ ಕಡೆ ಕಣ್ಣು ಹಾಯಿಸುತ್ತಿದ್ದರು, ಅವರ ಜೊತೆ ಹೊಸ ಬಗೆಯ ಹಾದಿಯೂ ಗಾಡಿಯೂ ಪುಟಕ್ಕೆ ಬರುತ್ತಿದ್ದವು. ಒಬ್ಬನ ಮುಖವನ್ನೇ ನೆಚ್ಚಿದ ಚಾನೆಲ್ಲಿಗೆ ಆ ಅನುಕೂಲವಿಲ್ಲ. ಅವನು ಬೇಸತ್ತ ದಿನ ಅದೂ ಮುಗಿಯುತ್ತದೆ. ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ: ಟೊಯೊಟಾ ಲ್ಯಾಂಡ್ ಕ್ರೂಸರ್ ಮಾಲೀಕರ ಅಮೆರಿಕದ ಸಂಘ ‘ಟೊಯೊಟಾ ಟ್ರೇಲ್ಸ್’ ಎಂಬ ತನ್ನದೇ ಪತ್ರಿಕೆ ತರುತ್ತದೆ. ಅಂಥ ಸಂಘದ ಪತ್ರಿಕೆಗೆ ಸದಸ್ಯರೇ ಓದುಗರು, ಬರೆಯುವವರೂ ಬಹುಪಾಲು ಅವರೇ. ಅಲ್ಲಿ ಸಂಪಾದಕ ಬದಲಾದರೆ ಪತ್ರಿಕೆಯನ್ನು ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಮುಂದಿನ ಸಂಚಿಕೆಗೆ ಬರಹ ಯಾರಿಗೆ ಕಳಿಸಬೇಕು ಎಂಬ ವಿಳಾಸವಷ್ಟೇ ಬದಲಾಗುತ್ತದೆ.